ಉಳುಮೆಯ ಸಾಲು ಎತ್ತ ಸಾಗಬೇಕು?

ಉದ್ದ ಸಾಲಿದ್ದರೆ ತಿರುವು ಕಡಿಮೆ. ಹಾಗಾಗಿ ಬಾಡಿಗೆ ಟ್ರ್ಯಾಕ್ಟರಿನವರು ಹೊಲದ ಉದ್ದಕ್ಕೇ ಉಳುತ್ತಾರೆ. ಆ ಉದ್ದ ಇಳಿಜಾರಿನ ಗುಂಟ ಇದ್ದರೆ ಪ್ರತಿ ಸಾಲೂ ಒಂದು ಕಾಲುವೆ. ಮೊದಲ ಬಿರುಮಳೆಗೇ ಮೇಲ್ಮಣ್ಣು ಕೆಳಗಿನ ಬದುವಿಗೆ ಹೋಗಿ ಸೇರುತ್ತದೆ. ಆದ್ದರಿಂದ ಡೀಸೆಲ್ ಲೆಕ್ಕಕ್ಕಿಂತ ಮೊದಲು ಇಳಿಜಾರು ನೋಡಿ.

ಅಳೆಯಲು ನೀರು ತುಂಬಿದ ಪಾರದರ್ಶಕ ಪೈಪು ಸಾಕು. ಇಳಿಜಾರಿನ ಗುಂಟ 30 ಮೀಟರ್ ಅಂತರದಲ್ಲಿ ಎರಡು ಗೂಟ ನೆಟ್ಟು, ಎರಡರ ಮೇಲೂ ನೀರಿನ ಮಟ್ಟವನ್ನು ಗುರುತಿಸಿ, ಗುರುತಿನಿಂದ ನೆಲದವರೆಗೆ ಅಳೆಯಿರಿ. ಎರಡರ ನಡುವಿನ ವ್ಯತ್ಯಾಸ 60 ಸೆಂ.ಮೀ. ಬಂದರೆ ಇಳಿಜಾರು ಶೇ. 2. ಇಷ್ಟಿದ್ದರೂ ಇಳಿಜಾರಿಗೆ ಅಡ್ಡಲಾಗಿಯೇ ಉಳಬೇಕು. ಹೊಲ ಡೊಂಕಾಗಿದ್ದರೆ ನೇರ ಗೆರೆಯ ಹಟ ಬೇಡ. ಸಮಪಾತಳಿಯಲ್ಲಿ, ಅಂದರೆ ಒಂದೇ ಎತ್ತರದ ಗೆರೆಯ ಗುಂಟ, ಹಾಕಿದ ಬದು ಹೇಗೆ ತಿರುಗುತ್ತದೋ ಸಾಲೂ ಹಾಗೇ ತಿರುಗಲಿ.

ಸಮತಟ್ಟು ಹೊಲದಲ್ಲಿ ಸಾಮಾನ್ಯ ರೆಕ್ಕೆ ನೇಗಿಲಿಗೆ ಎರಡು ದಾರಿ. ಈ ನೇಗಿಲು ಮಣ್ಣನ್ನು ಬಲಕ್ಕೆ ಮಾತ್ರ ಮಗುಚುತ್ತದೆ ಎಂಬುದೇ ಇಡೀ ಲೆಕ್ಕದ ಮೂಲ. ನಡುವಿನಿಂದ ಶುರುಮಾಡಿ ಪ್ರತಿ ಸಲ ಬಲಕ್ಕೆ ತಿರುಗುತ್ತ ಹೊರಗೆ ಬಂದರೆ ಮಣ್ಣು ಒಳಗೆ ಬೀಳುತ್ತದೆ, ನಡುವೆ ದಿಂಡು ಏಳುತ್ತದೆ. ಅಂಚಿನಿಂದ ಶುರುಮಾಡಿ ಎಡಕ್ಕೆ ತಿರುಗುತ್ತ ಒಳಗೆ ಹೋದರೆ ಮಣ್ಣು ಹೊರಗೆ ಬೀಳುತ್ತದೆ, ನಡುವೆ ತೆರೆದ ಸಾಲೊಂದು ತಗ್ಗಾಗಿ ಉಳಿಯುತ್ತದೆ. ವರ್ಷವೂ ಒಂದೇ ದಾರಿ ಹಿಡಿದರೆ ನಡುವೆ ಗುಡ್ಡೆಯೋ ಹೊಂಡವೋ ಕಾಯಂ ಆಗುತ್ತದೆ. ಒಂದು ವರ್ಷ ಒಳಗಿನಿಂದ, ಮರುವರ್ಷ ಹೊರಗಿನಿಂದ ಉಳಿ. ಎರೆಮಣ್ಣಿನಲ್ಲಂತೂ ಆ ತಗ್ಗಿನಲ್ಲಿ ನೀರು ನಿಂತು ಕಡಲೆ, ತೊಗರಿ ಬೇರು ಕೊಳೆಯುತ್ತವೆ. ಹಾಗಾಗಿ ಕೊನೆಯ ಸುತ್ತಿನಲ್ಲಿ ನೇಗಿಲನ್ನು ಸ್ವಲ್ಪ ಮೇಲೆತ್ತಿ, ಆಮೇಲೆ ಹಲಗೆ ಹೊಡೆದು ಮಟ್ಟ ಮಾಡಿ.

ಮಣ್ಣನ್ನು ಎಡಕ್ಕೂ ಬಲಕ್ಕೂ ಮಗುಚಬಲ್ಲ ಪಲ್ಟಿ ನೇಗಿಲು ಸಿಕ್ಕರೆ ಈ ತಾಪತ್ರಯವಿಲ್ಲ. ಒಂದು ಅಂಚಿನಿಂದ ಶುರುಮಾಡಿ, ಪ್ರತಿ ತಿರುವಿನಲ್ಲಿ ನೇಗಿಲು ಮಗುಚಿ, ಪಕ್ಕದ ಸಾಲಿನಲ್ಲೇ ವಾಪಸ್ ಬರಬಹುದು; ದಿಂಡೂ ಇಲ್ಲ, ನಡುವಿನ ತಗ್ಗೂ ಇಲ್ಲ. ಇಳಿಜಾರು ಹೊಲಕ್ಕೆ ಇದರಷ್ಟು ಒಳ್ಳೆಯದು ಬೇರೊಂದಿಲ್ಲ. ಮಣ್ಣು ಯಾವಾಗಲೂ ಏರಿನ ಕಡೆಗೆ ಬೀಳುವಂತೆ ಉಳಿ.

ಯಾವ ದಾರಿಯಾದರೂ ಎರಡೂ ತುದಿಯಲ್ಲಿ ತಿರುಗಲು 6–8 ಮೀಟರ್ ಬಿಡಿ. ನೇಗಿಲು ನೆಲದಲ್ಲಿರುವಾಗಲೇ ತಿರುಗಿಸಿದರೆ ಚೌಕಟ್ಟು, ಅದನ್ನು ಟ್ರ್ಯಾಕ್ಟರಿಗೆ ಜೋಡಿಸುವ ಲಿಂಕುಗಳು ಬಾಗುತ್ತವೆ. ಬಿಟ್ಟ ಜಾಗವನ್ನು ಕೊನೆಯಲ್ಲಿ ಉಳಿ. ಎದುರು ತುದಿಯಲ್ಲಿ ಗೂಟ ನೆಟ್ಟು, ಅದನ್ನು ನೋಡುತ್ತ ಮೊದಲ ಸಾಲನ್ನು (ಹೊಲ ಡೊಂಕಿಲ್ಲದಿದ್ದರೆ) ನೆಟ್ಟಗೆ, ಅರ್ಧ ಆಳಕ್ಕೆ ತೆರೆಯಿರಿ. ಸಾಮಾನ್ಯ ರೆಕ್ಕೆ ನೇಗಿಲಾದರೆ ಎರಡನೇ ಸಾಲಿನಿಂದ ಬಲಗಾಲಿ ತಗ್ಗಿನಲ್ಲಿ ಓಡುವುದರಿಂದ ಟ್ರ್ಯಾಕ್ಟರ್ ವಾಲುತ್ತದೆ. ಆಗ ಬಲಗಡೆಯ ಲಿಫ್ಟ್ ತೋಳಿನ ಸ್ಕ್ರೂ ತಿರುಗಿಸಿ ನೇಗಿಲನ್ನು ನೆಲಕ್ಕೆ ಸಮ ಮಾಡದಿದ್ದರೆ ಒಂದು ಕುಳ ಆಳಕ್ಕೆ, ಇನ್ನೊಂದು ಮೇಲೆಮೇಲೆ ಹೋಗುತ್ತದೆ.

ಮಣ್ಣಿನ ತೇವದ ಹದ ತಪ್ಪಿದರೆ ಇಷ್ಟೂ ವ್ಯರ್ಥ. ಉಳುವ ಆಳದಿಂದ ಹಿಡಿ ಮಣ್ಣು ತೆಗೆದು ಉಂಡೆ ಕಟ್ಟಿ ಹೆಬ್ಬೆರಳಿನಿಂದ ಒತ್ತಿ. ಪುಡಿಯಾದರೆ ಉಳಬಹುದು, ಅಂಟಿ ಮೆತ್ತಿಕೊಂಡರೆ ಕಾಯಿರಿ. ಹಸಿ ಎರೆಮಣ್ಣು ಉತ್ತರೆ ಏಳುವ ಹೆಂಟೆ ಒಣಗಿ ಕಲ್ಲಾಗುತ್ತದೆ, ಅದನ್ನು ಒಡೆಯಲು ಮತ್ತೆರಡು ಸಲ ಓಡಾಡಬೇಕು. ಕೆಂಪು ಮಣ್ಣು ಒಣಗಿದರೆ ನೇಗಿಲೇ ಇಳಿಯದು. ಹಾಗಾಗಿ ಏಪ್ರಿಲ್-ಮೇ ಮಳೆ ಬಿದ್ದು ಹದ ಬಂದ ಕೂಡಲೇ ಉಳಬೇಕು. ರಾಗಿಗೆ 15–20 ಸೆಂ.ಮೀ. ಆಳ ಸಾಕು.

ಆಮೇಲೆ ಮಣ್ಣು ಸಡಿಲಿಸುವ ಹಲ್ಲುಗಳ ಕಲ್ಟಿವೇಟರ್ ಎರಡು ಸಲ. ಮೊದಲ ಸಲ ಓರೆಯಾಗಿ ಹೋಗಲಿ. ಕೊನೆಯ ಸಲ ಮಾತ್ರ ಇಳಿಜಾರಿಗೆ ಅಡ್ಡಲಾಗಿಯೇ ಇರಬೇಕು, ಬಿತ್ತನೆಯ ಸಾಲೂ ಅದೇ ದಿಕ್ಕಿಗೆ. ತಿರುಗುವ ಅಲಗುಗಳ ರೋಟವೇಟರ್ ಮೇಲಿನ 10–12 ಸೆಂ.ಮೀ. ಮಣ್ಣನ್ನು ನುಣ್ಣಗೆ ಮಾಡುತ್ತದೆ, ನೋಡಲು ಚೆಂದ. ಆದರೆ ವರ್ಷವಿಡೀ ಅದೊಂದನ್ನೇ ನಂಬಿದರೆ ಅದರ ಕೆಳಗೆ ಗಟ್ಟಿ ಪದರ ಕಟ್ಟಿ ಬೇರು ಇಳಿಯದು. ಗರಿಕೆ, ಜೇಕು ಇರುವ ಹೊಲಕ್ಕಂತೂ ಅದನ್ನು ಇಳಿಸಲೇಬೇಡಿ: ತುಂಡಾದ ಪ್ರತಿ ಗೆಣ್ಣೂ ಚಿಗುರುತ್ತದೆ. ಅಂಥ ಹೊಲವನ್ನು ಬೇಸಿಗೆಯಲ್ಲಿ ರೆಕ್ಕೆ ನೇಗಿಲಿನಿಂದ ಆಳಕ್ಕೆ ಉತ್ತು, ಬೇರು-ಗೆಡ್ಡೆ ಬಿಸಿಲಿಗೆ ಒಣಗಲು ಬಿಟ್ಟು, ಆಯ್ದು ಹೊರಗೆ ಹಾಕಿ.