ಹಣ ಹಾಕುವ ಮೊದಲು ಒಂದು ಉಲ್ಟಾ ಲೆಕ್ಕ: ನನ್ನ ಅನುಭವ

ಐದು ವರ್ಷದ ಅಂದಾಜು ಪಟ್ಟಿ ಇಲ್ಲದೆ ಪ್ರಾಜೆಕ್ಟ್ ತೂಗಲು ಆಗುವುದಿಲ್ಲ ಎಂದವರೇ ಹೆಚ್ಚು. ನನ್ನ ಲೆಕ್ಕ ಎರಡು ಹಾಳೆಯದ್ದು. ಹತ್ತೋ ಹನ್ನೊಂದೋ ಯೋಜನೆಗಳನ್ನು ಇದರಲ್ಲಿ ಜರಡಿ ಹಿಡಿದೆ, ಮೂರಕ್ಕೆ ಹಣ ಹಾಕಿದೆ. ಮೂರೂ ಹಾಕಿದ್ದನ್ನು ವಾಪಸ್ ಕೊಟ್ಟಿವೆ.

ಎಷ್ಟು ಮಾರಾಟವಾದೀತು ಎಂದು ಮೊದಲು ಕೇಳುವುದೇ ಇಲ್ಲ. ಎಷ್ಟಕ್ಕಿಂತ ಕಡಿಮೆಯಾದರೆ ಬಾಗಿಲು ಮುಚ್ಚಬೇಕು ಎನ್ನುವುದು ಮೊದಲ ಪ್ರಶ್ನೆ. ತಿಂಗಳ ಸ್ಥಿರ ಖರ್ಚಿಗೆ ಬಾಡಿಗೆ, ಸಂಬಳದ ಜೊತೆ ಮಾಲೀಕನ ಸಂಬಳವನ್ನೂ ಬರೆಯುತ್ತೇನೆ. ಸಾಲದ ಕಂತಿನಲ್ಲಿ ಬಡ್ಡಿಯಷ್ಟೇ ಅಲ್ಲ, ಅಸಲೂ ಸೇರಬೇಕು. ಸವಕಳಿ, ಅಂದರೆ ಯಂತ್ರ ಹಳೆಯದಾಗುತ್ತಾ ಇಳಿಯುವ ಬೆಲೆ, ಕೈಯಿಂದ ಹೋಗುವ ದುಡ್ಡಲ್ಲ, ಅದನ್ನು ಬಿಡುತ್ತೇನೆ.

ಒಂದರ ಬೆಲೆ 100, ಅದಕ್ಕೆ ತಗಲುವ ಮಾಲು, ಕೂಲಿ, ಸಾಗಣೆ 62 ಎಂದುಕೊಳ್ಳಿ. ಉಳಿಯುವುದು 38. ಸ್ಥಿರ ಖರ್ಚು 1,90,000 ಇದ್ದರೆ 5,000 ಮಾರಲೇಬೇಕು. ಯಂತ್ರದ ಸಾಮರ್ಥ್ಯ 8,000 ಆದರೆ ಅದು ಶೇ. 62ರ ಆಸುಪಾಸು. ಮೊದಲ ವರ್ಷ ಶೇ. 60 ದಾಟುವುದೇ ಕಷ್ಟ, ಹಾಗಾಗಿ ಇಲ್ಲೇ ಅನುಮಾನ ಶುರು.

ಈಗ ಬೆಲೆ ಶೇ. 10 ಇಳಿಸಿ. ಉಳಿಯುವುದು 28, ಮಾರಬೇಕಾದ್ದು 6,800ರ ಹತ್ತಿರ. 7,000 ಮಾರಿದಾಗ 76,000 ಉಳಿಯುತ್ತಿದ್ದ ಕಡೆ 6,000 ಉಳಿಯುತ್ತದೆ. ಬೆಲೆ 100ರಲ್ಲೇ ಇದ್ದು, ಅದೇ 7,000 ಮಾರಾಟ ಶೇ. 20 ಕುಸಿದರೂ 5,600, ಹೇಗೋ ಉಸಿರಾಡಬಹುದು. ಪೆಟ್ಟು ಬೀಳುವುದು ಬೆಲೆಯಲ್ಲಿ, ಎಲ್ಲರೂ ಕಾವಲು ಕಾಯುವುದು ಮಾರಾಟವನ್ನು.

ನಾನು ಚೆನ್ನಾಗಿ ಸುಟ್ಟುಕೊಂಡದ್ದು ದುಡಿಯುವ ಬಂಡವಾಳದಲ್ಲಿ (ವರ್ಕಿಂಗ್ ಕ್ಯಾಪಿಟಲ್), ಅಂದರೆ ಮಾಲು, ಉದ್ದರಿಯಲ್ಲಿ ಸಿಕ್ಕಿಕೊಳ್ಳುವ ದಿನನಿತ್ಯದ ಹಣದಲ್ಲಿ. ಹಾಳೆಯ ಮೇಲೆ ಹಾಕಿದ ಹಣಕ್ಕೆ ವರ್ಷಕ್ಕೆ ಸಿಗುವ ಆದಾಯದ ದರ, ಅಂದರೆ ಐಆರ್‌ಆರ್ ಶೇ. 24 ಬಂದಿತ್ತು. ವರ್ಕಿಂಗ್ ಕ್ಯಾಪಿಟಲ್ ಒಂದು ತಿಂಗಳದ್ದು ಹಾಕಿದ್ದೆ. ಮಾಲು 30 ದಿನ ಗೋದಾಮಿನಲ್ಲಿ, ಗಿರಾಕಿಗೆ 60 ದಿನ ಉದ್ದರಿ, ನಮಗೆ ಸಿಕ್ಕ ಉದ್ದರಿ 15 ದಿನ: ಸಿಕ್ಕಿಹಾಕಿಕೊಂಡದ್ದು 75 ದಿನದ ಹಣ. ಮೇಲಿನ ಉದಾಹರಣೆಯಲ್ಲಿ ತಿಂಗಳಿಗೆ 7,000 ಮಾರುವ ಒಟ್ಟು ಖರ್ಚಿಗೇ ಹೊಂದಿಸಿದರೆ 6 ಲಕ್ಷ ಸಾಕು ಎಂದಲ್ಲಿ 15 ಲಕ್ಷ ದಾಟುತ್ತದೆ. ಯಂತ್ರ ಕೂರಿಸುವುದು ಐದು ತಿಂಗಳು ತಡವಾಗಿ, ಒಂದು ಪೈಸೆ ಬರುವ ಮೊದಲೇ ಬಡ್ಡಿ ಓಡತೊಡಗಿತು. ಆಮೇಲಿಂದ ಆರು ತಿಂಗಳ ತಡ ಮತ್ತು ಶೇ. 10 ಹೆಚ್ಚುವರಿ ವೆಚ್ಚ ಇಲ್ಲದ ಲೆಕ್ಕವನ್ನು ನಾನು ಮುಟ್ಟುವುದಿಲ್ಲ.

ಬೇಡಿಕೆ ಅಳೆಯಲು ಒಮ್ಮೆ ಬೇರೆ ದಾರಿ ಹಿಡಿದು ನೋಡಿದೆ. ಕೊಳ್ಳುತ್ತೀರಾ ಎಂದು ಕೇಳಿದಾಗ ಸುಮಾರು 40 ಜನ ಹೂಂ ಎಂದರು. ಮುಂಗಡ ಕೊಡಿ ಎಂದಾಗ ಕೊಟ್ಟವರು ಏಳೋ ಎಂಟೋ. ಈಗ ಮುಂಗಡ ಕೊಟ್ಟವರನ್ನಷ್ಟೇ ಎಣಿಸುತ್ತೇನೆ. ಮುಂಗಡದ ಮೊತ್ತ ಬೆಲೆಯ ಶೇ. 10ಕ್ಕಿಂತ ಕಡಿಮೆ ಇದ್ದರೆ ಮುಖ ನೋಡಿ ಕೊಟ್ಟು ಸುಮ್ಮನಾಗುತ್ತಾರೆ. ಪೂರೈಕೆದಾರರಿಂದ ನಿಜವಾದ ದರ ಹೊರಡಿಸುವುದಕ್ಕೂ ನನ್ನದೊಂದು ವಿಧಾನ ಇದೆ, ಅದು ಸದ್ಯಕ್ಕೆ ನನ್ನಲ್ಲೇ ಇರಲಿ. ಕೊಟೇಶನ್ ಮೂರು ಕಡೆ ತರಿಸಿ, ಸಾಗಣೆ, ತೆರಿಗೆ, ಅಳವಡಿಕೆ ಯಾರ ತಲೆಗೆ ಎಂದು ಬರೆಸಿಕೊಂಡರೆ ಅರ್ಧ ಕೆಲಸ ಆಗುತ್ತದೆ.

ಕೊನೆಗೆ ಬೆಲೆ ಶೇ. 10 ಇಳಿಕೆ, ಆರು ತಿಂಗಳ ತಡ, 75 ದಿನದ ಬಾಕಿ, ಮೂರನ್ನೂ ಒಟ್ಟಿಗೆ ಹಾಕುತ್ತೇನೆ. ಆಗಲೂ ಕಂತು ಕಟ್ಟಿ ಕೈಯಲ್ಲಿ ಮೂರು ತಿಂಗಳ ಖರ್ಚು ಉಳಿದರೆ ಮಾತ್ರ, ಮುಂದೆ ಬರುವ ಹಣದ ಇಂದಿನ ಬೆಲೆಯಿಂದ ಹಾಕುವ ಹಣ ಕಳೆದು ನೋಡುವ ಎನ್‌ಪಿವಿ ಲೆಕ್ಕಕ್ಕೆ ಕೂರುತ್ತೇನೆ. ಏಳೋ ಎಂಟೋ ಯೋಜನೆಗಳು ಅಲ್ಲಿಯವರೆಗೂ ಬರಲಿಲ್ಲ.