ರೇಡ್ ಕುಸಿದಾಗ ಕೀಬೋರ್ಡಿನಿಂದ ಕೈ ತೆಗೆಯಿರಿ

ಲಿನಕ್ಸ್ ಯಂತ್ರವೊಂದರಲ್ಲಿ ನಾಲ್ಕು ಡಿಸ್ಕುಗಳ ರೇಡ್-5. ಅಂದರೆ ಡಿಸ್ಕುಗಳನ್ನೆಲ್ಲ ಒಂದೇ ಆಗಿ ಕಾಣುವಂತೆ ಕೂಡಿಸಿ, ಕಳೆದದ್ದನ್ನು ಲೆಕ್ಕಹಾಕಿ ಮರಳಿ ಪಡೆಯುವ ಮಾಹಿತಿಯನ್ನೂ (ಪ್ಯಾರಿಟಿ) ಡೇಟಾ ಜೊತೆ ಹಂಚಿಡುವ ಏರ್ಪಾಡು. ಒಂದು ಡಿಸ್ಕ್ ಹೋದರೂ ಡೇಟಾಗೆ ಏನೂ ಆಗುವುದಿಲ್ಲ ಎಂಬ ನಂಬಿಕೆಯಲ್ಲೇ ವರ್ಷಗಳು ಕಳೆದಿರುತ್ತವೆ. ಒಂದು ಬೆಳಿಗ್ಗೆ ಅರೇ (ಹೀಗೆ ಕೂಡಿಸಿದ ಡಿಸ್ಕುಗಳ ಗುಂಪು) ಮೌಂಟ್ ಆಗುವುದಿಲ್ಲ, ಅದರ ಫೈಲುಗಳು ಕಾಣುವುದಿಲ್ಲ. ನೋಡಿದರೆ ಒಂದಲ್ಲ, ಎರಡು ಡಿಸ್ಕ್ ಹೊರಗೆ ಬಿದ್ದಿವೆ. ಮೊದಲನೆಯದು ಯಾವಾಗಲೋ ಬಿದ್ದಿತ್ತು, ಯಾರೂ ಗಮನಿಸಿರಲಿಲ್ಲ. ಎರಡನೆಯದು ನಿನ್ನೆ ರಾತ್ರಿ ಬಿದ್ದಿದೆ.

ಇಷ್ಟಾದರೂ ಡೇಟಾ ಬಹುಪಾಲು ಅಲ್ಲೇ ಇರುತ್ತದೆ. ಅದನ್ನು ಅಳಿಸಿಹಾಕುವುದು ಗಾಬರಿಯಲ್ಲಿ ನಾವು ಕೊಡುವ ಮುಂದಿನ ಎರಡು ಮೂರು ಕಮಾಂಡುಗಳು. ನಾನೇ ಒಮ್ಮೆ, ಡಿಸ್ಕುಗಳ ಕ್ರಮ ತಪ್ಪಿಸಿ ಜೋಡಿಸಿದ್ದ ಅರೇ ಮೇಲೆ ಫೈಲ್ ಸಿಸ್ಟಮ್ ರಿಪೇರಿ ಮಾಡುವ ಎಫ್‌ಎಸ್‌ಸಿಕೆ ಓಡಿಸಿದ್ದೆ. ಅದು ಬಹಳ ಶ್ರದ್ಧೆಯಿಂದ ರಿಪೇರಿ ಮಾಡುತ್ತಾ ಹೋಗಿ, ಉಳಿದಿದ್ದನ್ನೂ ಹಾಳುಮಾಡಿತು. ಹಾಗಾಗಿ ಎಫ್‌ಎಸ್‌ಸಿಕೆ ಬೇಡ, ಹೊರಬಿದ್ದ ಡಿಸ್ಕನ್ನು ಮತ್ತೆ 'ಆಡ್' ಮಾಡುವುದು ಬೇಡ, ಅರೇಯನ್ನು ಹೊಸದಾಗಿ ಕಟ್ಟುವ 'ಕ್ರಿಯೇಟ್' ಅಂತೂ ಬೇಡವೇ ಬೇಡ.

ಮೊದಲು ಒಂದು ಹಾಳೆ ತೆಗೆದುಕೊಂಡು, ಯಾವ ಸೀರಿಯಲ್ ನಂಬರಿನ ಡಿಸ್ಕ್ ಯಾವ ಪೋರ್ಟಿನಲ್ಲಿದೆ ಎಂದು ಬರೆದಿಡಿ. ಲಿನಕ್ಸ್ ಡಿಸ್ಕುಗಳಿಗೆ ಕೊಡುವ ಎಸ್‌ಡಿಎ, ಎಸ್‌ಡಿಬಿ ಎಂಬ ಹೆಸರುಗಳನ್ನು ನಂಬಬೇಡಿ. ರೀಬೂಟ್ ಆದರೆ ಅವು ಅದಲುಬದಲಾಗಬಹುದು.

ಆಮೇಲೆ ಡಿಸ್ಕ್ ನಿಜವಾಗಿ ಕೆಟ್ಟಿದೆಯೇ ಎಂದು ನೋಡಬೇಕು. ಡಿಸ್ಕಿನ ಆರೋಗ್ಯ ತೋರಿಸುವ ಸ್ಮಾರ್ಟ್‌ಸಿಟಿಎಲ್ ಕಮಾಂಡ್ ಕೊಡುವ ಪಟ್ಟಿಯಲ್ಲಿ 5 ಮತ್ತು 197 ಎಂಬ ಐಡಿ ಸಂಖ್ಯೆಯ ಸಾಲುಗಳು ಮುಖ್ಯ. ಬದಲಿ ಜಾಗಕ್ಕೆ ಹೋದ ಸೆಕ್ಟರುಗಳನ್ನು (ಡಿಸ್ಕಿನ ಚಿಕ್ಕ ತುಣುಕುಗಳು) 5 ಹೇಳುತ್ತದೆ, ಓದಲು ತಕರಾರು ಮಾಡುತ್ತಿರುವವನ್ನು 197 ಹೇಳುತ್ತದೆ. ಇವೆರಡೂ ಸೊನ್ನೆಯಿದ್ದು, ಡೇಟಾ ಸಾಗಣೆಯ ತಪ್ಪುಗಳನ್ನು ಎಣಿಸುವ 199 ಮಾತ್ರ ಏರಿದ್ದರೆ ಮೊದಲು ಅನುಮಾನಿಸಬೇಕಾದದ್ದು ಕೇಬಲ್ಲನ್ನು. ಇನ್ನೊಂದು ಸಾಧ್ಯತೆ ಹಲವರಿಗೆ ಹೊಳೆಯುವುದೇ ಇಲ್ಲ. ಡೆಸ್ಕ್‌ಟಾಪ್ ದರ್ಜೆಯ ಡಿಸ್ಕ್ ಒಂದು ಕೆಟ್ಟ ಸೆಕ್ಟರನ್ನು ಓದಲು ನಿಮಿಷಕ್ಕೂ ಮೀರಿ ಹೆಣಗಬಹುದು. ಲಿನಕ್ಸ್ ಮಾಮೂಲಾಗಿ ಕಾಯುವುದು 30 ಸೆಕೆಂಡ್. ಅಷ್ಟರಲ್ಲಿ ಉತ್ತರ ಬಾರದಿದ್ದರೆ, ಒಂದೇ ಸೆಕ್ಟರಿನ ತಪ್ಪಿಗೆ ಇಡೀ ಡಿಸ್ಕ್ ಅರೇಯಿಂದ ಹೊರಬೀಳಬಹುದು. ರೇಡ್‌ಗೆಂದೇ ಮಾಡಿದ ಡಿಸ್ಕುಗಳು ಸುಮಾರು 7 ಸೆಕೆಂಡಿಗೇ ಸೋಲೊಪ್ಪಿಕೊಳ್ಳುವುದು ಇದೇ ಕಾರಣಕ್ಕೆ.

ಈಗ ಲಿನಕ್ಸಿನಲ್ಲಿ ರೇಡ್ ನಿರ್ವಹಿಸುವ ಎಂಡಿಎಡಿಎಂನ 'ಎಕ್ಸಾಮಿನ್' ಕಮಾಂಡನ್ನು ಒಂದೊಂದು ಡಿಸ್ಕಿನ ಮೇಲೂ ಓಡಿಸಿ, ಬಂದದ್ದನ್ನೆಲ್ಲ ಬೇರೆ ಪೆನ್‌ಡ್ರೈವಿನಲ್ಲಿ ಉಳಿಸಿಕೊಳ್ಳಿ. ಇದು ಓದುತ್ತದಷ್ಟೆ, ಏನನ್ನೂ ಬರೆಯುವುದಿಲ್ಲ. ಇದರಲ್ಲಿ ಕಾಣುವ 'ಈವೆಂಟ್ಸ್' ಸಂಖ್ಯೆಯೇ ಇಡೀ ಪ್ರಕರಣದ ಸಾಕ್ಷಿ. ಅರೇಯ ಸ್ಥಿತಿ ಬದಲಾದಂತೆಲ್ಲ ಅದರಲ್ಲಿರುವ ಡಿಸ್ಕುಗಳ ಈ ಎಣಿಕೆ ಏರುತ್ತದೆ. ಹೊರಬಿದ್ದ ಡಿಸ್ಕಿನದು ಬಿದ್ದ ಗಳಿಗೆಯಲ್ಲೇ ನಿಂತುಬಿಡುತ್ತದೆ. ಉದಾಹರಣೆಗೆ ಎರಡರಲ್ಲಿ 48213, ಒಂದರಲ್ಲಿ 48207, ಇನ್ನೊಂದರಲ್ಲಿ 31900 ಇದೆ ಎನ್ನೋಣ. ಕೊನೆಯದು ತಿಂಗಳುಗಳ ಹಿಂದೆಯೇ ಬಿದ್ದ ಡಿಸ್ಕ್. ಅದರಲ್ಲಿರುವುದು ಹಳಸಿದ ಡೇಟಾ, ಅದು ಎಷ್ಟೇ ಗಟ್ಟಿಮುಟ್ಟಾಗಿದ್ದರೂ ನಮಗೆ ಬೇಡ. 48207ರದ್ದು ಕಾಯಿಲೆಯ ಡಿಸ್ಕೇ ಆದರೂ ನಮಗೆ ಬೇಕಾದದ್ದು ಅದೇ. ರೇಡ್-5ಕ್ಕೆ ನಾಲ್ಕರಲ್ಲಿ ಮೂರು ಸಾಕು, ನಾಲ್ಕನೆಯದರಲ್ಲಿ ಇರಬೇಕಾದದ್ದನ್ನು ಪ್ಯಾರಿಟಿಯಿಂದ ಲೆಕ್ಕಹಾಕಿಕೊಳ್ಳಬಹುದು.

ಆದರೆ ಜೋಡಣೆಗೆ ಕೈಹಾಕುವ ಮುನ್ನ ಆ ಮೂರನ್ನೂ, ಕೆಟ್ಟ ಡಿಸ್ಕಿನಿಂದಲೂ ಡೇಟಾ ಎತ್ತುವ ಜಿಎನ್‌ಯು ಡಿಡಿರೆಸ್ಕ್ಯೂನಿಂದ ಅಷ್ಟೇ ದೊಡ್ಡ ಅಥವಾ ಇನ್ನೂ ದೊಡ್ಡ ಡಿಸ್ಕುಗಳಿಗೆ ನಕಲು ಮಾಡಿ. ಮ್ಯಾಪ್ ಫೈಲ್ ಕೊಡುವುದನ್ನು ಮರೆಯಬೇಡಿ. ಎಲ್ಲಿಯವರೆಗೆ ಓದಿಯಾಯಿತು, ಯಾವ ಸೆಕ್ಟರು ಉಳಿಯಿತು ಎಂಬ ಲೆಕ್ಕ ಅದರಲ್ಲಿರುತ್ತದೆ. ನಡುವೆ ನಿಂತರೂ ಅಲ್ಲಿಂದಲೇ ಮುಂದುವರಿಸಬಹುದು. ಮೊದಲ ಸುತ್ತಿನಲ್ಲಿ ಸುಲಭವಾಗಿ ಸಿಕ್ಕುವುದನ್ನೆಲ್ಲ ಎತ್ತಿಕೊಂಡು, ಹಟಮಾರಿ ಸೆಕ್ಟರುಗಳನ್ನು ಕೊನೆಗೆ ಕೆದಕಿ. ಕೆಟ್ಟ ಡಿಸ್ಕಿಗೆ ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಹೇಳಲಾಗದು, ದಿನಗಳೇ ಆಗಬಹುದು. ಡಿಸ್ಕ್ ಟಿಕ್ ಟಿಕ್ ಎನ್ನುತ್ತಿದ್ದರೆ ಮಾತ್ರ ಕೂಡಲೇ ವಿದ್ಯುತ್ ತೆಗೆಯಿರಿ. ಅದು ಡೇಟಾ ಮರಳಿ ಪಡೆಯುವ ಪ್ರಯೋಗಾಲಯದವರ ಕೆಲಸ.

ನಕಲುಗಳ ಮೇಲೂ ನೇರವಾಗಿ ಬರೆಯದಿರುವುದು ಜಾಣತನ. ಡಿಎಂಸೆಟಪ್‌ನಿಂದ ಪ್ರತಿ ನಕಲಿಗೂ ಒಂದು ಓವರ್‌ಲೇ ಮಾಡಿಕೊಳ್ಳಿ. ಬರೆದ ಪುಟದ ಮೇಲೆ ಪಾರದರ್ಶಕ ಹಾಳೆ ಹಾಸಿದಂತೆ ಇದು. ಏನೇ ಗೀಚಿದರೂ ಮೇಲಿನ ಹಾಳೆಗೆ ಮಾತ್ರ ತಾಗುತ್ತದೆ, ಬೇಡವಾದರೆ ಅದನ್ನು ಕಿತ್ತು ಬಿಸಾಡಿ ಹೊಸದು ಹಾಸಬಹುದು.

ಈ ಓವರ್‌ಲೇ ಮೂರನ್ನು ಹೆಸರಿಸಿ 'ಅಸೆಂಬಲ್' ಕಮಾಂಡನ್ನು 'ಫೋರ್ಸ್' ಜೊತೆ ಕೊಡಿ. ತುಸು ಹಿಂದುಳಿದ ಡಿಸ್ಕಿನ ಎಣಿಕೆಯನ್ನು ಅದು ಉಳಿದವುಗಳಿಗೆ ಸರಿಹೊಂದಿಸಿ ಅರೇಯನ್ನು ಎಬ್ಬಿಸುತ್ತದೆ. ಆಮೇಲೆ ಓದಲು ಮಾತ್ರ ಆಗುವಂತೆ ಮೌಂಟ್ ಮಾಡಿ. ಫೈಲ್ ಸಿಸ್ಟಮ್ ಎಕ್ಸ್ಟ್4 ಆದರೆ 'ನೋಲೋಡ್', ಎಕ್ಸ್‌ಎಫ್‌ಎಸ್ ಆದರೆ 'ನೋರಿಕವರಿ' ಸೇರಿಸಿದರೆ ಜರ್ನಲ್ಲೂ (ಅರ್ಧಕ್ಕೆ ನಿಂತ ಬದಲಾವಣೆಗಳ ದಾಖಲೆ) ಓಡುವುದಿಲ್ಲ. ಫೈಲುಗಳು ಕಂಡವೇ? ತಡಮಾಡದೆ ಬೇರೆ ಡಿಸ್ಕಿಗೆ ಕಾಪಿ ಮಾಡಿ.

ಪ್ರತಿ ಡಿಸ್ಕಿನಲ್ಲೂ ಅರೇಯ ವಿವರ ಬರೆದಿಟ್ಟಿರುವ ಸೂಪರ್‌ಬ್ಲಾಕೇ ಅಳಿಸಿಹೋಗಿದ್ದರೆ 'ಕ್ರಿಯೇಟ್' ಮತ್ತು 'ಅಸ್ಯೂಮ್ ಕ್ಲೀನ್' ಬಳಸಬೇಕಾಗುತ್ತದೆ, ಅದೂ ಓವರ್‌ಲೇ ಮೇಲೆ ಮಾತ್ರ. ಡಿಸ್ಕುಗಳ ಕ್ರಮ, ಚಂಕ್ (ಒಂದು ಡಿಸ್ಕಿನಲ್ಲಿ ಒಮ್ಮೆಗೆ ಇಡುವ ಡೇಟಾದ ತುಂಡು) ಗಾತ್ರ, ಮೆಟಾಡೇಟಾ ಆವೃತ್ತಿ, ಡೇಟಾ ಆಫ್‌ಸೆಟ್ (ಡಿಸ್ಕಿನಲ್ಲಿ ಡೇಟಾ ಶುರುವಾಗುವ ಜಾಗ) ನಾಲ್ಕೂ ಹಳೆಯದರಂತೆಯೇ ಇರಬೇಕು. ಆಫ್‌ಸೆಟ್ ವಿಷಯದಲ್ಲಿ ಎಂಡಿಎಡಿಎಂನ ಹಳೆಯ, ಹೊಸ ಆವೃತ್ತಿಗಳ ಡೀಫಾಲ್ಟ್ ಒಂದೇ ಅಲ್ಲ, ಹಲವರು ಎಡವುವುದು ಇಲ್ಲೇ. ಕ್ರಮ ಗೊತ್ತಿಲ್ಲದಿದ್ದರೆ, ಮೂರು ಡಿಸ್ಕ್ ಮತ್ತು ಇಲ್ಲದ ಡಿಸ್ಕಿನ ಬದಲಿಗೆ ಬರೆಯುವ ಒಂದು 'ಮಿಸ್ಸಿಂಗ್' ಸೇರಿ 24 ಬಗೆ. ಒಂದು ಚಿಕ್ಕ ಸ್ಕ್ರಿಪ್ಟ್ ಬರೆದು ಎಲ್ಲವನ್ನೂ ಪರೀಕ್ಷಿಸಬಹುದು.

ಜೋಡಣೆ ಸರಿಯಾಯಿತೇ ಎಂದು ನೋಡಲು ಸಣ್ಣ ಫೈಲು ತೆರೆದು ಸಮಾಧಾನಪಡಬೇಡಿ. ಚಂಕ್ 512 ಕಿಲೋಬೈಟ್ ಇದ್ದರೆ, 200 ಕಿಲೋಬೈಟಿನ ಚಿತ್ರವೊಂದು ಒಂದೇ ಚಂಕಿನೊಳಗೆ ಕೂತಿರಬಹುದು. ಕ್ರಮ ತಪ್ಪಾಗಿದ್ದರೂ ಅದು ಸರಿಯಾಗಿಯೇ ತೆರೆದುಕೊಂಡೀತು. ನೂರಾರು ಮೆಗಾಬೈಟಿನ ವಿಡಿಯೊವೊಂದನ್ನು ಮೊದಲಿನಿಂದ ಕೊನೆಯವರೆಗೆ ಓಡಿಸಿ, ಇಲ್ಲವೇ ದೊಡ್ಡದೊಂದು ಜಿಪ್ ಫೈಲನ್ನು ಟೆಸ್ಟ್ ಮಾಡಿ. ಹಳೆಯ ಡಿಸ್ಕುಗಳನ್ನು ಅಲ್ಲಿಯವರೆಗೂ ಮುಟ್ಟದೆ ಎತ್ತಿಡಿ. 31900ರ ಆ ಹಳಸಿದ ಡಿಸ್ಕನ್ನೂ.