ಚಿತ್ರ 7 ಅಂದರೆ 7ನೇ ಚಿತ್ರವೇ ಇರಲಿ

ಕಲಬುರಗಿಯಲ್ಲಿ ಪಿಎಚ್‌ಡಿ ಪ್ರಬಂಧಗಳ ಡಿಟಿಪಿ ಮಾಡುವ ನನಗೆ ಒಂದು ಮಾತು ಕೇಳಿದರೆ ಎದೆ ಧಸಕ್ಕೆನ್ನುತ್ತದೆ: ‘ಸರ್, ನಡುವೆ ಇನ್ನೊಂದೇ ಫೋಟೊ ಸೇರಿಸಬೇಕಿತ್ತು.’ ಬಹಮನಿ ಕಟ್ಟಡಗಳ ಪ್ರಬಂಧವೊಂದರಲ್ಲಿ ಹೀಗೇ ಆಯಿತು. 3ನೇ ಚಿತ್ರವಾಗಿ ಕೋಟೆ ಬಾಗಿಲು ಬಂತು, ಮುಂದಿನವೆಲ್ಲ ಒಂದೊಂದು ಸರಿದವು. ‘ಚಿತ್ರ 7 ನೋಡಿ’ ಎಂದು ಓದಿ ಬೀದರಿನ ಮಹಮೂದ್ ಗವಾನ್ ಮದರಸಾ (1472) ಹುಡುಕಿದರೆ, ಅಲ್ಲಿ ಕಂಡಿದ್ದು ನಮ್ಮ ಕೋಟೆಯ ಜಾಮಾ ಮಸೀದಿ (1367).

ಸಂಖ್ಯೆಗಳನ್ನು ಕೈಯಿಂದ ಟೈಪ್ ಮಾಡಿದ್ದೇ ತಪ್ಪು. ಆ ಕೆಲಸ ಮೈಕ್ರೋಸಾಫ್ಟ್ ವರ್ಡ್‌ಗೇ ಬಿಡಿ.

ಮೊದಲು ಚಿತ್ರದ ಮೇಲೆ ರೈಟ್ ಕ್ಲಿಕ್ ಮಾಡಿ ‘ಇನ್ಸರ್ಟ್ ಕ್ಯಾಪ್ಶನ್’ ಒತ್ತಿ. ‘ನ್ಯೂ ಲೇಬಲ್’ನಲ್ಲಿ ‘ಚಿತ್ರ’ ಎಂದು ಕೊಡಿ. ಯೂನಿಕೋಡ್‌ನಲ್ಲೇ ಟೈಪ್ ಮಾಡಿ. ಹಳೇ ನುಡಿ ಫಾಂಟ್‌ನ ಅಕ್ಷರ ಆ ಬಾಕ್ಸ್‌ನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಗುರುತುಗಳಾಗಿ ಕಾಣುತ್ತದೆ.

ಆಮೇಲೆ ವಾಕ್ಯದಲ್ಲಿ ಸಂಖ್ಯೆ ಬರಬೇಕಾದ ಜಾಗದಲ್ಲಿ ಕರ್ಸರ್ ಇಟ್ಟು, ‘ರೆಫರೆನ್ಸಸ್’ ಟ್ಯಾಬ್‌ನ ‘ಕ್ರಾಸ್ ರೆಫರೆನ್ಸ್’ ತೆರೆಯಿರಿ. ‘ಚಿತ್ರ’ ಆರಿಸಿ, ‘ಓನ್ಲಿ ಲೇಬಲ್ ಆಂಡ್ ನಂಬರ್’ ಕೊಡಿ. ‘ಚಿತ್ರ 7’ ಎಂದು ಬರುತ್ತದೆ. ಅದರ ಮೇಲೆ ಕ್ಲಿಕ್ ಮಾಡಿದರೆ ಬೂದು ಬಣ್ಣ ಕಾಣುತ್ತದಲ್ವಾ, ಅದೇ ಫೀಲ್ಡ್, ಅಂದರೆ ವರ್ಡ್ ತಾನೇ ತುಂಬುವ ಜಾಗ.

ಇಲ್ಲಿ ಕನ್ನಡದವರು ಎಡವುವ ಜಾಗ ಒಂದಿದೆ. ‘ಚಿತ್ರ 7ರಲ್ಲಿ’ ಎಂದು ಬರೆಯಬೇಕು. ಈ ‘ರಲ್ಲಿ’ ಬೂದು ಪಟ್ಟಿಯ ಹೊರಗೆ, ಅಂಟಿಕೊಂಡಂತೆ ಇರಬೇಕು. ಒಳಗೆ ಟೈಪ್ ಮಾಡಿದರೆ ಸಂಖ್ಯೆ ಅಪ್‌ಡೇಟ್ ಆದ ಕೂಡಲೇ ಅಳಿಸಿಹೋಗುತ್ತದೆ. ಒಮ್ಮೆ ನನ್ನ ಕೈಯಲ್ಲಿ ಒಂದಿಡೀ ಅಧ್ಯಾಯದ ‘ರಲ್ಲಿ’, ‘ಕ್ಕೆ’ ಎಲ್ಲ ಮಾಯವಾಗಿದ್ದವು! ಪುಣ್ಯಕ್ಕೆ 7 ಹೋಗಿ 8 ಬಂದರೂ ‘ರಲ್ಲಿ’ ಬದಲಾಗುವುದಿಲ್ಲ.

ಈಗ ಫೋಟೊ ಸೇರಿಸಿ, ಅದಕ್ಕೂ ಕ್ಯಾಪ್ಶನ್ ಕೊಡಿ. ಕಂಟ್ರೋಲ್ ಎ, ಆಮೇಲೆ ಎಫ್9. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಎಫ್‌ಎನ್ ಕೀ ಕೂಡ ಒತ್ತಬೇಕು. ಸಂಖ್ಯೆಗಳು ತಾವೇ ಸರಿಯಾಗುತ್ತವೆ.

ಯಾರೋ ಹಳೇ ಕ್ಯಾಪ್ಶನ್ ಅಳಿಸಿ ಹೊಸದು ಹಾಕಿದ್ದರೆ ಮಾತ್ರ ‘ಎರರ್! ರೆಫರೆನ್ಸ್ ಸೋರ್ಸ್ ನಾಟ್ ಫೌಂಡ್’ ಎಂದು ದಪ್ಪ ಅಕ್ಷರದಲ್ಲಿ ಬರುತ್ತದೆ. ಗಾಬರಿ ಬೇಡ. ಕ್ರಾಸ್ ರೆಫರೆನ್ಸ್ ಹಾಕಿದ ಪ್ರತಿ ಕ್ಯಾಪ್ಶನ್‌ಗೂ ವರ್ಡ್ ಒಳಗೊಳಗೇ ಒಂದು ಹೆಸರಿಟ್ಟಿರುತ್ತದೆ: ‘ರೆಫ್’, ಅದರ ನಂತರ ಉದ್ದನೆಯ ಅಂಕಿ. ಕ್ಯಾಪ್ಶನ್ ಹೋದರೆ ಆ ಹೆಸರೂ ಹೋಯಿತು. ಆದರೆ ವಾಕ್ಯಗಳು ಇನ್ನೂ ಅದನ್ನೇ ಹುಡುಕುತ್ತಿರುತ್ತವೆ.

ಒಂದೇ ಚಿತ್ರದ ಉಲ್ಲೇಖ ಇಪ್ಪತ್ತು ಕಡೆ ಎರರ್ ಆಗಿದ್ದರೆ ಇಪ್ಪತ್ತು ಸಲ ಹೊಸದಾಗಿ ಹಾಕಬೇಕಿಲ್ಲ. ಹೊಸ ಕ್ಯಾಪ್ಶನ್‌ಗೆ ಒಂದೇ ಒಂದು ಕ್ರಾಸ್ ರೆಫರೆನ್ಸ್ ಹಾಕಿ. ಆಲ್ಟ್ ಎಫ್9 ಒತ್ತಿದರೆ ಫೀಲ್ಡ್‌ಗಳ ಹೊಟ್ಟೆಯೊಳಗಿನ ಕೋಡ್ ಕಾಣುತ್ತದೆ. ಹೊಸ ಅಂಕಿ ಕಾಪಿ ಮಾಡಿಕೊಳ್ಳಿ. ಕಂಟ್ರೋಲ್ ಎಚ್ ಒತ್ತಿ ಹಳೇ ಅಂಕಿಯ ಜಾಗಕ್ಕೆ ಹೊಸದನ್ನು ಕೊಟ್ಟು ‘ರಿಪ್ಲೇಸ್ ಆಲ್’ ಮಾಡಿ. ಮತ್ತೆ ಆಲ್ಟ್ ಎಫ್9, ಕಂಟ್ರೋಲ್ ಎ, ಎಫ್9. ಇದಕ್ಕೂ ಮೊದಲು ಫೈಲಿನದೊಂದು ಕಾಪಿ ತೆಗೆದಿಡಿ, ಒಂದು ಅಂಕಿ ತಪ್ಪಿದರೂ ತಲೆನೋವು ಜಾಸ್ತಿ.

ಅಡಿಟಿಪ್ಪಣಿಗಳಿಗೆ ಈ ಕಂಟ್ರೋಲ್ ಎ ತಲುಪುವುದಿಲ್ಲ. ಒಂದು ಅಡಿಟಿಪ್ಪಣಿಯೊಳಗೆ ಕ್ಲಿಕ್ ಮಾಡಿ, ಅಲ್ಲಿ ಬೇರೆಯಾಗಿ ಕಂಟ್ರೋಲ್ ಎ, ಎಫ್9 ಒತ್ತಿ. ಪಿಡಿಎಫ್ ಮಾಡುವ ಮುನ್ನ ಫೈಲಿನಲ್ಲಿ ‘ಎರರ್’ ಪದವನ್ನು ಇಂಗ್ಲಿಷ್‌ನಲ್ಲಿ ಒಮ್ಮೆ ಹುಡುಕಿಬಿಡಿ.